ಕ್ಷೀಣ ಅಲೆಯನ್ನು ಆಲಿಸುವ ಆಂಟೆನಾ ವ್ಯೂಹ

ಚಿತ್ರದುರ್ಗ ಜಿಲ್ಲೆಯ ಪೂರ್ವಕ್ಕೆ, ಆಂಧ್ರಪ್ರದೇಶದ ಗಡಿಗೆ ಒತ್ತಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಿಮೆ ಬೀಳುವ, ಶೇಂಗಾ ಬೆಳೆಯುವ, ದನ-ಕುರಿಗಳ ಮೇವಿಗೆಂದು ತಲೆತಲಾಂತರದಿಂದ ಕಾವಲುಗಳನ್ನು ಉಳಿಸಿಕೊಂಡು ಬಂದ ಬಯಲುಸೀಮೆ. ಇಲ್ಲಿನ ಅಮೃತ್ ಮಹಲ್ ಕಾವಲುಗಳ ವಿಶಾಲ ಹುಲ್ಲುಗಾವಲಿನಲ್ಲಿ ಇಂದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ, ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ, ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಮಂಜೂರಾದ ಭೂಮಿ ಒಂದರ ಪಕ್ಕ ಒಂದರಂತೆ ಹರಡಿಕೊಂಡಿವೆ. 2017ರ ಮೇ 28ರಂದು ಉದ್ಘಾಟನೆಗೊಂಡ ವೈಮಾನಿಕ ಪರೀಕ್ಷಾ ವಲಯವು ಮುಖ್ಯವಾಗಿ ಚಾಲಕರಹಿತ ವಿಮಾನಗಳ ಪರೀಕ್ಷೆಗೆಂದು ರೂಪುಗೊಂಡದ್ದು. ಚಾಲಕನಿಲ್ಲದ ವಿಮಾನಕ್ಕೂ ನೆಲದ ಮೇಲಿನ ನಿಯಂತ್ರಕರಿಗೂ ಇರುವ ಒಂದೇ ನಂಟು ರೇಡಿಯೋ ಅಲೆಯಾದ್ದರಿಂದ, ಈ ವಲಯದಲ್ಲಿ ನಡೆಯುವ ಪ್ರತಿಯೊಂದು ಹಾರಾಟವೂ ಒಂದು ಅರ್ಥದಲ್ಲಿ ರೇಡಿಯೋ ಸಂಪರ್ಕದ ಪರೀಕ್ಷೆಯೇ ಆಗಿದೆ.

2023ರ ಜೂನ್ 16ರ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಅಂದು ಬೆಳಿಗ್ಗೆ 7.35ಕ್ಕೆ ಈ ವಲಯದಿಂದ ಮೇಲೆದ್ದ ತಪಸ್ ಎಂಬ ಚಾಲಕರಹಿತ ವಿಮಾನವು 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿತು. ಕಾರವಾರದ ನೌಕಾನೆಲೆಯಿಂದ 148 ಕಿಲೋಮೀಟರ್ ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು ಅದರ ನಿಯಂತ್ರಣವನ್ನು 40 ನಿಮಿಷ ತನ್ನ ಕೈಗೆ ತೆಗೆದುಕೊಂಡಿತು. ಬಳಿಕ ವಿಮಾನ ಮರಳಿ ಚಳ್ಳಕೆರೆಯ ಕಡೆಗೇ ಬಂದು ಇಳಿಯಿತು. ಅದೇ ವರ್ಷದ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್‌ಗೆ ತೂಗುಹಾಕಿ, ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕಳಚಿ, ಇದೇ ವಲಯದ ಓಡುದಾರಿಯ ಮೇಲೆ ತಾನಾಗಿಯೇ ಇಳಿಯುವಂತೆ ಮಾಡಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಅದು ಇನ್ನೂ ಕಠಿಣವಾದ ಸ್ಥಿತಿಗಳಲ್ಲಿ ಮರುಕಳಿಸಿತು. ಆ ವಾಹನ ತನ್ನ ಸ್ಥಾನವನ್ನು ಅರಿಯಲು ನಾವಿಕ್ ಉಪಗ್ರಹಗಳ ಸಂಕೇತ ಮತ್ತು ಎತ್ತರ ಅಳೆಯುವ ರೇಡಾರ್ ಜೊತೆಗೆ, ಉಪಗ್ರಹದಂತೆಯೇ ಕಾಲಸಂಕೇತ ಬಿತ್ತರಿಸುವ ನೆಲದ ಮೇಲಿನ ಸೂಡೊಲೈಟ್ ಎಂಬ ಪ್ರೇಷಕಗಳನ್ನು ಬಳಸಿತು. ರೇಡಿಯೋ ಅಲೆ ಇಲ್ಲಿ ಸುದ್ದಿಯನ್ನು ಒಯ್ಯುವುದರ ಜೊತೆಗೆ ದೂರವನ್ನೂ ಅಳೆಯಿತು.

ಈ ಎರಡು ಕೆಲಸಗಳನ್ನೂ, ಎಂದರೆ ಮಾಹಿತಿ ಸಾಗಣೆಯನ್ನೂ ದೂರದ ಅಳತೆಯನ್ನೂ, ಏಕಕಾಲಕ್ಕೆ ಅತ್ಯಂತ ಸೂಕ್ಷ್ಮವಾಗಿ ಮಾಡಬಲ್ಲ ವಿಧಾನವೆಂದರೆ ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೋ. ತಪಸ್ ಹಾರಾಟದಂಥ ನೂರಾರು ಕಿಲೋಮೀಟರ್‌ಗಳ ಸಂಪರ್ಕಕ್ಕೆ ಅದು ಹೇಳಿಮಾಡಿಸಿದ್ದಲ್ಲ; ಕೆಲವು ಮೀಟರ್‌ಗಳಿಂದ ಕೆಲವು ನೂರು ಮೀಟರ್‌ಗಳವರೆಗಿನ ಸಮೀಪದ ಕ್ಷೇತ್ರವೇ ಅದರ ನೆಲೆ. ಆ ಕ್ಷೇತ್ರವನ್ನು ಹಿಗ್ಗಿಸಲು ಇರುವ ಭದ್ರವಾದ ಉಪಾಯ ಹಲವು ಆಂಟೆನಾಗಳನ್ನು ಒಂದು ಕ್ರಮದಲ್ಲಿ ನಿಲ್ಲಿಸಿ ಒಂದೇ ಆಂಟೆನಾದಂತೆ ದುಡಿಸುವುದು. ಇಂಥ ಜೋಡಣೆಗೆ ಆಂಟೆನಾ ಅರೇ, ಎಂದರೆ ಆಂಟೆನಾ ವ್ಯೂಹ ಎಂದು ಹೆಸರು.

ಅತಿ ಅಗಲವಾದ ಪಟ್ಟಿ

ಒಂದು ಸೆಕೆಂಡಿನಲ್ಲಿ ಅಲೆಯೊಂದು ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಸಂಖ್ಯೆಯೇ ಅದರ ಕಂಪನಾಂಕ. ಒಂದು ಸೆಕೆಂಡಿಗೆ ಒಂದು ಕಂಪನವೆಂದರೆ ಒಂದು ಹರ್ಟ್ಜ್, ನೂರು ಕೋಟಿ ಕಂಪನಗಳೆಂದರೆ ಒಂದು ಗಿಗಾಹರ್ಟ್ಜ್. ಸಾಮಾನ್ಯ ರೇಡಿಯೋ ಕೇಂದ್ರವೊಂದು ತನಗೆ ಗೊತ್ತುಪಡಿಸಿದ ಕಂಪನಾಂಕದ ಆಸುಪಾಸಿನ ಕಿರಿದಾದ ಪಟ್ಟಿಯೊಳಗೆ ಮಾತ್ರ ಬಿತ್ತರಿಸುತ್ತದೆ. ಎಫ್‌ಎಂ ಕೇಂದ್ರಕ್ಕೆ ಸುಮಾರು 200 ಕಿಲೋಹರ್ಟ್ಜ್ ಅಗಲದ ಪಟ್ಟಿ ಸಾಕು. ಅಲ್ಟ್ರಾ ವೈಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಬೇಕಾದರೆ ಸಂಕೇತವು ಕನಿಷ್ಠ 500 ಮೆಗಾಹರ್ಟ್ಜ್ ಅಗಲವಾಗಿರಬೇಕು, ಇಲ್ಲವೇ ತನ್ನ ನಡುಗಂಪನಾಂಕದ ಶೇಕಡ 20ರಷ್ಟಾದರೂ ಅಗಲವಾಗಿರಬೇಕು ಎಂಬುದು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2002ರ ಫೆಬ್ರವರಿಯಲ್ಲಿ ನೀಡಿದ ಲಕ್ಷಣ. 3.1ರಿಂದ 10.6 ಗಿಗಾಹರ್ಟ್ಜ್‌ವರೆಗಿನ ಹರವನ್ನು ಆ ಆದೇಶ ಈ ಬಗೆಯ ಉಪಕರಣಗಳಿಗೆ ತೆರೆದುಕೊಟ್ಟಿತು. ಕನಿಷ್ಠ ಅಗಲವನ್ನೇ ತೆಗೆದುಕೊಂಡರೂ ಅದು ಎಫ್‌ಎಂ ಪಟ್ಟಿಯ 2,500 ಪಟ್ಟು.

ಪಟ್ಟಿ ಅಗಲವಾದಷ್ಟೂ ಸಂಕೇತವನ್ನು ಕಾಲದಲ್ಲಿ ಮೊಟಕುಗೊಳಿಸಲು ಸಾಧ್ಯ ಎಂಬುದು ಅಲೆಗಳ ಮೂಲಭೂತ ಗುಣ. ಅಲ್ಟ್ರಾ ವೈಡ್‌ಬ್ಯಾಂಡ್ ಪ್ರೇಷಕವು ಒಂದು ನ್ಯಾನೊಸೆಕೆಂಡ್, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ, ಅಥವಾ ಅದಕ್ಕಿಂತಲೂ ಚಿಕ್ಕದಾದ ಮಿಡಿತಗಳನ್ನು ಹೊರಡಿಸಬಲ್ಲದು. ಒಂದು ನ್ಯಾನೊಸೆಕೆಂಡಿನಲ್ಲಿ ರೇಡಿಯೋ ಅಲೆ ಕ್ರಮಿಸುವ ದೂರ ಸುಮಾರು 30 ಸೆಂಟಿಮೀಟರ್ ಆದ್ದರಿಂದ, ಮಿಡಿತ ಬಂದ ಗಳಿಗೆಯನ್ನು ಸರಿಯಾಗಿ ಗುರುತಿಸಿದರೆ ಎರಡು ಉಪಕರಣಗಳ ನಡುವಿನ ಅಂತರವನ್ನು ಅಂಗೈಯಗಲದ ನಿಖರತೆಯಲ್ಲಿ ತಿಳಿಯಬಹುದು. ಈ ಚಿಂತನೆಯ ಬೇರು ಹಳೆಯದು: 1895ರ ಸುಮಾರಿಗೆ ಕಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸ್ ಅವರು ತೋರಿಸಿದ ಪ್ರಯೋಗಗಳೂ ಮಾರ್ಕೋನಿಯವರ ಮೊದಲ ಪ್ರೇಷಕಗಳೂ ವಿದ್ಯುತ್ ಕಿಡಿಯಿಂದ ಹುಟ್ಟಿದ ಅಗಲ ಪಟ್ಟಿಯ ಅಲೆಗಳನ್ನೇ ಬಳಸಿದ್ದವು. ಕಿಡಿಯ ಪ್ರೇಷಕಗಳು ಒಂದನ್ನೊಂದು ಕೆಡಿಸುತ್ತಿದ್ದುದರಿಂದ ಕಿರುಪಟ್ಟಿಯ ಶಿಸ್ತು ಬಂದು ಅವು ಮೂಲೆಗೆ ಸರಿದವು. 1993ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಾಬರ್ಟ್ ಶೋಲ್ಟ್ಜ್ ಅವರು, ಪ್ರತಿ ಬಳಕೆದಾರನ ಮಿಡಿತಗಳನ್ನು ಬೇರೆಬೇರೆ ಕಾಲಕ್ರಮದಲ್ಲಿ ಹಂಚಿದರೆ ಅನೇಕರು ಒಂದೇ ಪಟ್ಟಿಯನ್ನು ಹಂಚಿಕೊಳ್ಳಬಹುದೆಂದು ತೋರಿಸಿದ ಮೇಲೆ ಸಂವಹನದ ಸಾಧನವಾಗಿ ಈ ವಿಧಾನಕ್ಕೆ ಮರುಜೀವ ಬಂದಿತು.

ಶಕ್ತಿಗೆ ಹಾಕಿದ ಕಟ್ಟು

3.1ರಿಂದ 10.6 ಗಿಗಾಹರ್ಟ್ಜ್‌ವರೆಗಿನ ಹರವು ಖಾಲಿ ಬಿದ್ದಿರುವ ಜಾಗವಲ್ಲ. ಉಪಗ್ರಹ ಸಂಪರ್ಕ, ವೈಫೈ, ರೇಡಾರ್ ಮುಂತಾದವು ಅಲ್ಲಿ ಮೊದಲೇ ನೆಲೆಸಿವೆ. ಅವುಗಳಿಗೆ ತೊಂದರೆಯಾಗದಿರಲೆಂದು ಅಲ್ಟ್ರಾ ವೈಡ್‌ಬ್ಯಾಂಡ್ ಉಪಕರಣವು ಪ್ರತಿ ಮೆಗಾಹರ್ಟ್ಜ್‌ಗೆ ಸುಮಾರು 74 ನ್ಯಾನೊವಾಟ್‌ಗಿಂತ ಹೆಚ್ಚು ಶಕ್ತಿಯನ್ನು ಹೊರಸೂಸಬಾರದೆಂದು 2002ರ ಆದೇಶ ಕಟ್ಟು ಹಾಕಿತು. ಇಡೀ 7,500 ಮೆಗಾಹರ್ಟ್ಜ್ ಹರವನ್ನು ತುಂಬಿಕೊಂಡರೂ ಒಟ್ಟು ಶಕ್ತಿ ಅರ್ಧ ಮಿಲಿವಾಟ್‌ಗಿಂತ ತುಸು ಹೆಚ್ಚಷ್ಟೇ. ಮನೆಯ ವೈಫೈ ಪೆಟ್ಟಿಗೆ ಸಾಮಾನ್ಯವಾಗಿ ಹೊರಡಿಸುವುದು ಇದರ ನೂರಾರು ಪಟ್ಟು. ಹೀಗಾಗಿ ಈ ರೇಡಿಯೋದ ಬಡತನವಿರುವುದು ಶಕ್ತಿಯಲ್ಲಿ. ಪಟ್ಟಿಯ ವಿಷಯದಲ್ಲಿ ಅದಕ್ಕಿರುವ ಸಿರಿ ಬೇರಾವ ರೇಡಿಯೋಗೂ ಇಲ್ಲ. ದೂರ ಹೆಚ್ಚಿದಂತೆ ಅದರ ಮಿಡಿತ ಗದ್ದಲದಲ್ಲಿ, ಎಂದರೆ ಗ್ರಾಹಕದ ಬಿಡಿಭಾಗಗಳೂ ಪರಿಸರವೂ ತಾವಾಗಿ ಹುಟ್ಟಿಸುವ ಕ್ರಮವಿಲ್ಲದ ವಿದ್ಯುತ್ ಕಂಪನಗಳಲ್ಲಿ, ಬೇಗನೆ ಮುಳುಗಿಹೋಗುತ್ತದೆ.

ಆಂಟೆನಾ ವ್ಯೂಹವನ್ನು ಪ್ರೇಷಕದ ಕಡೆ ಇಟ್ಟು ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸಿದರೆ ಈ ಕೊರತೆ ನೀಗುವುದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಮೇಲಿನ ಮಿತಿಯನ್ನು ಅಳೆಯುವುದು ಅಲೆ ಅತಿ ಪ್ರಬಲವಾಗಿರುವ ದಿಕ್ಕಿನಲ್ಲಿ; ಆದ್ದರಿಂದ ಕಿರಣವನ್ನು ಕೂಡಿಸಿದಷ್ಟೂ ಪ್ರೇಷಕದ ಮೂಲಶಕ್ತಿಯನ್ನು ಅಷ್ಟೇ ಪ್ರಮಾಣದಲ್ಲಿ ತಗ್ಗಿಸಬೇಕಾಗುತ್ತದೆ. ಇದರಿಂದ ಬ್ಯಾಟರಿ ಉಳಿಯುತ್ತದೆ, ಬೇರೆ ದಿಕ್ಕಿನಲ್ಲಿರುವವರಿಗೆ ತೊಂದರೆ ಕಡಿಮೆಯಾಗುತ್ತದೆ. ಆದರೆ ತಲಪುವ ದೂರ ಹೆಚ್ಚುವುದಿಲ್ಲ. ಗ್ರಾಹಕಕ್ಕೆ ಇಂಥ ಕಟ್ಟು ಯಾವುದೂ ಇಲ್ಲ, ಎಷ್ಟು ಆಂಟೆನಾಗಳಿಂದ ಬೇಕಾದರೂ ಅದು ಆಲಿಸಬಹುದು. ಅಲ್ಟ್ರಾ ವೈಡ್‌ಬ್ಯಾಂಡ್ ಸಂಪರ್ಕದಲ್ಲಿ ವ್ಯೂಹದ ನಿಜವಾದ ಬೆಲೆ ಇರುವುದು ಆಲಿಸುವ ಕಡೆಯಲ್ಲಿ ಎಂಬುದನ್ನು ಈ ಕ್ಷೇತ್ರಕ್ಕೆ ಕಾಲಿಡುವವರು ಮೊದಲಿಗೇ ಮನಗಾಣಬೇಕು.

ಹಲವು ಆಂಟೆನಾಗಳ ಗಣಿತ

ನಾಲ್ಕು ಆಂಟೆನಾಗಳಿಗೆ ಬಂದ ಒಂದೇ ಮಿಡಿತವನ್ನು ಕಾಲ ಹೊಂದಿಸಿ ಕೂಡಿಸಿದರೆ ಮಿಡಿತದ ಎತ್ತರ ನಾಲ್ಕು ಪಟ್ಟಾಗಿ, ಅದರ ಶಕ್ತಿ ಹದಿನಾರು ಪಟ್ಟಾಗುತ್ತದೆ. ಪ್ರತಿ ಆಂಟೆನಾದ ಹಿಂದಿರುವ ಗದ್ದಲ ಮಾತ್ರ ಇನ್ನೊಂದರ ಗದ್ದಲಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ, ಅದರ ಶಕ್ತಿ ಬರೀ ನಾಲ್ಕು ಪಟ್ಟಾಗುತ್ತದೆ. ಫಲವಾಗಿ ಗದ್ದಲಕ್ಕೆ ಹೋಲಿಸಿದಾಗ ಸಂಕೇತ ನಾಲ್ಕು ಪಟ್ಟು ಸ್ಪಷ್ಟವಾಗುತ್ತದೆ. ಅಡೆತಡೆಯಿಲ್ಲದ ಬಯಲಿನಲ್ಲಿ ಅಲೆಯ ಶಕ್ತಿ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ನಾಲ್ಕು ಆಂಟೆನಾಗಳು ಸಂಪರ್ಕದ ದೂರವನ್ನು ಎರಡು ಪಟ್ಟಿಗೂ ಹದಿನಾರು ಆಂಟೆನಾಗಳು ನಾಲ್ಕು ಪಟ್ಟಿಗೂ ಏರಿಸಬಲ್ಲವು.

ದೂರದ ಜೊತೆಗೆ ದಿಕ್ಕೂ ದೊರೆಯುತ್ತದೆ. ಕಾವಲಿನಲ್ಲಿ ತಪ್ಪಿಸಿಕೊಂಡ ಹಸುವಿನ ಕೊರಳಗಂಟೆಯ ದನಿ ಒಂದು ಕಿವಿಗೆ ಮೊದಲೂ ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿಯೂ ತಲಪುವುದರಿಂದಲೇ ದನಗಾಹಿ ಯಾವ ಕಡೆ ನಡೆಯಬೇಕೆಂಬುದನ್ನು ಅರಿಯುತ್ತಾನಷ್ಟೆ. ವ್ಯೂಹವೂ ಹಾಗೆಯೇ ಆಂಟೆನಾಗಳ ನಡುವಿನ ಕಾಲವ್ಯತ್ಯಾಸದಿಂದ ಸಂಕೇತದ ದಿಕ್ಕನ್ನು ಲೆಕ್ಕಹಾಕುತ್ತದೆ. ಐದು ಸೆಂಟಿಮೀಟರ್ ಅಂತರದ ಎರಡು ಆಂಟೆನಾಗಳಿಗೆ ನೇರ ದಿಕ್ಕಿನಿಂದ 30 ಡಿಗ್ರಿ ಓರೆಯಾಗಿ ಬಂದ ಅಲೆ ಎರಡನೆಯದನ್ನು ಮುಟ್ಟಲು ಎರಡೂವರೆ ಸೆಂಟಿಮೀಟರ್ ಹೆಚ್ಚು ಸಾಗಬೇಕು. ಅದಕ್ಕೆ ಹಿಡಿಯುವ ಕಾಲ ಸುಮಾರು 83 ಪಿಕೊಸೆಕೆಂಡ್, ಎಂದರೆ ನ್ಯಾನೊಸೆಕೆಂಡಿನ ಹನ್ನೆರಡರಲ್ಲೊಂದು ಭಾಗ. ಒಂದೇ ನೆಲೆಯಿಂದ ದೂರವೂ ದಿಕ್ಕೂ ತಿಳಿದರೆ ವಸ್ತುವಿನ ಸ್ಥಾನವೇ ತಿಳಿದಂತಾಯಿತು. 2019ರಿಂದೀಚೆಗೆ ಕೆಲವು ಮೊಬೈಲ್ ಫೋನುಗಳಲ್ಲಿ ಅಡಗಿ ಕುಳಿತಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್‌ಗಳು ಪುಟ್ಟ ಆಂಟೆನಾ ಜೋಡಿಗಳ ನೆರವಿನಿಂದ ಇದೇ ಲೆಕ್ಕವನ್ನು ಮಾಡುತ್ತಿವೆ.

ಹಲವು ಆಂಟೆನಾಗಳಿಂದ ಅಲೆಗೆ ದಿಕ್ಕು ಕೊಡುವ ವಿದ್ಯೆ ಹೊಸದಲ್ಲ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರು 1905ರಲ್ಲಿ ಮೂರು ಆಂಟೆನಾಗಳನ್ನು ತ್ರಿಕೋನಾಕಾರದಲ್ಲಿ ನಿಲ್ಲಿಸಿ ಇದನ್ನು ಸಾಧಿಸಿದ್ದರು. 1909ರಲ್ಲಿ ಅವರು ಮಾರ್ಕೋನಿಯವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯವಾದ ಎಲ್‌ಆರ್‌ಡಿಇ ಈ ವಿದ್ಯೆಯಲ್ಲಿ ಪಳಗಿದ್ದು, 2017ರ ಫೆಬ್ರವರಿ 14ರಂದು ವಾಯುಪಡೆಗೆ ಹಸ್ತಾಂತರಗೊಂಡ ನೇತ್ರ ಮುನ್ನೆಚ್ಚರಿಕೆ ವಿಮಾನದ ಬೆನ್ನ ಮೇಲೆ ಕುಳಿತಿರುವುದು ಅಂಥ ವ್ಯೂಹವೇ. ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರ್ ಆಗಿದ್ದ ಕನ್ನಡತಿ ರಾಜೇಶ್ವರಿ ಚಟರ್ಜಿಯವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆಗೂಡಿ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ಬುನಾದಿ ಹಾಕಿ, ಆಂಟೆನಾ ಶಾಸ್ತ್ರವನ್ನು ಒಂದು ತಲೆಮಾರಿಗೇ ಕಲಿಸಿದರು.

ಕಾಲವಿಳಂಬದ ಅಗತ್ಯ

ಸಾಮಾನ್ಯ ವ್ಯೂಹವೊಂದು ಕಾಲವ್ಯತ್ಯಾಸವನ್ನು ನೇರವಾಗಿ ಸರಿದೂಗಿಸುವ ಗೋಜಿಗೆ ಹೋಗದೆ, ಪ್ರತಿ ಆಂಟೆನಾದ ಅಲೆಯ ಹಂತವನ್ನು, ಎಂದರೆ ಏರಿಳಿತದ ಚಕ್ರದಲ್ಲಿ ಅಲೆ ಯಾವ ಘಟ್ಟದಲ್ಲಿದೆ ಎಂಬುದನ್ನು, ತುಸು ಹಿಂದೆಮುಂದೆ ಸರಿಸಿ ಕೆಲಸ ಮುಗಿಸುತ್ತದೆ. ಕಿರುಪಟ್ಟಿಯಲ್ಲಿ ಎಲ್ಲ ಕಂಪನಾಂಕಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದು ಸಲ್ಲುತ್ತದೆ. ಅಗಲ ಪಟ್ಟಿಯಲ್ಲಿ ಸಲ್ಲುವುದಿಲ್ಲ. ನಡುಗಂಪನಾಂಕವಾದ 6.85 ಗಿಗಾಹರ್ಟ್ಜ್‌ನಲ್ಲಿ 30 ಡಿಗ್ರಿಗೆ ಗುರಿಯಿಟ್ಟ ವ್ಯೂಹವು, ಅದೇ ಹಂತದ ಸರಿಕೆಯನ್ನು ಎಲ್ಲ ಕಂಪನಾಂಕಗಳಿಗೂ ಬಳಸಿದರೆ, 10.6 ಗಿಗಾಹರ್ಟ್ಜ್‌ನಲ್ಲಿ 19 ಡಿಗ್ರಿಯ ಕಡೆಗೂ 5 ಗಿಗಾಹರ್ಟ್ಜ್‌ನಲ್ಲಿ 43 ಡಿಗ್ರಿಯ ಕಡೆಗೂ ತಿರುಗಿಬಿಡುತ್ತದೆ. ಮಿಡಿತದ ಘಟಕಗಳು ದಿಕ್ಕಾಪಾಲಾದ ಮೇಲೆ ಮಿಡಿತ ಮಿಡಿತವಾಗಿ ಉಳಿಯಲಾರದು. ಆದ್ದರಿಂದ ಅಲ್ಟ್ರಾ ವೈಡ್‌ಬ್ಯಾಂಡ್ ವ್ಯೂಹದಲ್ಲಿ ಪ್ರತಿ ಆಂಟೆನಾದ ಸಂಕೇತವನ್ನು ನಿಜವಾದ ಕಾಲವಿಳಂಬಕ್ಕೆ ಒಳಪಡಿಸಬೇಕು. ಉದ್ದ ಬೇರೆಬೇರೆಯಾದ ತಂತಿದಾರಿಗಳ ನಡುವೆ ಬದಲಾಯಿಸುವ ಸ್ವಿಚ್‌ಗಳು, ಚಿಪ್‌ನೊಳಗಿನ ವಿಳಂಬ ಮಂಡಲಗಳು, 1963ರಲ್ಲಿ ಬೆಳಕಿಗೆ ಬಂದ ರಾಟ್‌ಮನ್ ಮಸೂರ ಇವೆಲ್ಲ ಅದಕ್ಕಿರುವ ಸಾಧನಗಳು. ಇಂದಿನ ಮೊಬೈಲ್ ಫೋನುಗಳು ಬಳಸುವುದು 8 ಗಿಗಾಹರ್ಟ್ಜ್ ಆಸುಪಾಸಿನ ಸುಮಾರು 500 ಮೆಗಾಹರ್ಟ್ಜ್‌ನ ತುಂಡನ್ನಷ್ಟೇ ಆದ್ದರಿಂದ ಅವು ಹಂತದ ಅಳತೆಯಲ್ಲೇ ಕೆಲಸ ಸಾಗಿಸಬಲ್ಲವು. ಇಡೀ ಹರವನ್ನು ಬಳಸಹೊರಟವರಿಗೆ ಆ ಸೌಲಭ್ಯವಿಲ್ಲ.

ಕಾಲವನ್ನು ನೆಚ್ಚಿದ ವ್ಯೂಹಕ್ಕೆ ಒಂದು ಅನುಕೂಲವೂ ಉಂಟು. ಕಿರುಪಟ್ಟಿಯ ವ್ಯೂಹದಲ್ಲಿ ಆಂಟೆನಾಗಳ ಅಂತರ ಅಲೆಯುದ್ದದ ಅರ್ಧಕ್ಕಿಂತ ಬಹಳ ಹೆಚ್ಚಾದರೆ, ಬೇಡದ ದಿಕ್ಕುಗಳಲ್ಲಿಯೂ ಮುಖ್ಯ ಕಿರಣದಷ್ಟೇ ಪ್ರಬಲವಾದ ಸುಳ್ಳು ಕಿರಣಗಳು ಹುಟ್ಟುತ್ತವೆ. 10.6 ಗಿಗಾಹರ್ಟ್ಜ್‌ನಲ್ಲಿ ಅರ್ಧ ಅಲೆಯುದ್ದವೆಂದರೆ ಬರೀ 1.4 ಸೆಂಟಿಮೀಟರ್, 3.1 ಗಿಗಾಹರ್ಟ್ಜ್‌ಗೆ ತಕ್ಕ ದೊಡ್ಡ ಆಂಟೆನಾಗಳನ್ನು ಅಷ್ಟು ಒತ್ತೊತ್ತಾಗಿ ನಿಲ್ಲಿಸಿದರೆ ಒಂದರ ವಿದ್ಯುತ್ತು ಇನ್ನೊಂದನ್ನು ಕಲಕುತ್ತದೆ. ಸಂಕೇತವು ಚಿಕ್ಕ ಮಿಡಿತವಾಗಿದ್ದಾಗ ಮಾತ್ರ, ಬೇಡದ ದಿಕ್ಕಿನಿಂದ ಬಂದ ಮಿಡಿತಗಳು ಬೇರೆಬೇರೆ ಗಳಿಗೆಗಳಲ್ಲಿ ತಲಪಿ ಒಂದರ ಮೇಲೊಂದು ಕೂರಲಾರವು. ಹತ್ತು ಆಂಟೆನಾಗಳಿದ್ದರೆ ಅವುಗಳ ಎತ್ತರ ಮುಖ್ಯ ಮಿಡಿತದ ಹತ್ತರಲ್ಲೊಂದು ಭಾಗಕ್ಕೆ ನಿಲ್ಲುತ್ತದೆ. ಹೀಗಾಗಿ ಆಂಟೆನಾಗಳನ್ನು ವಿರಳವಾಗಿ ನಿಲ್ಲಿಸಿಯೂ, ಕಡಿಮೆ ಸಂಖ್ಯೆಯಲ್ಲಿ ಸೂಕ್ಷ್ಮವಾದ ದಿಕ್ಕುಜ್ಞಾನ ಪಡೆಯಬಹುದು.

ಗೌರಿಬಿದನೂರಿನ ಪಾಠ

ಕಿರುಪಟ್ಟಿಗೂ ಅಗಲ ಪಟ್ಟಿಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಾಣಬಯಸುವವರಿಗೆ ಕರ್ನಾಟಕದಲ್ಲೇ ಒಂದು ತಾಣವಿದೆ. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಜೊತೆಗೂಡಿ 1976ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕದಲ್ಲಿ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಒಂದು ಸಾವಿರ ದ್ವಿಧ್ರುವ ಆಂಟೆನಾಗಳನ್ನು ನೆಡಲಾಯಿತು. ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್ ಉದ್ದವಿತ್ತು. ಅದು ಆಲಿಸುತ್ತಿದ್ದುದು 34.5 ಮೆಗಾಹರ್ಟ್ಜ್ ಎಂಬ ಒಂದೇ ಕಂಪನಾಂಕದ ಆಸುಪಾಸಿನಲ್ಲಿ. ಸೂರ್ಯನ ಹೊರಾವರಣವನ್ನು ಹಲವು ಎತ್ತರಗಳಲ್ಲಿ ನೋಡಬೇಕಾದರೆ ಹಲವು ಕಂಪನಾಂಕಗಳು ಬೇಕಾದ್ದರಿಂದ, 1997ರಲ್ಲಿ ಅದೇ ಆವರಣದಲ್ಲಿ ಖಭೌತ ಸಂಸ್ಥೆ ರೇಡಿಯೋಹೀಲಿಯೋಗ್ರಾಫ್ ಎಂಬ ಇನ್ನೊಂದು ವ್ಯೂಹವನ್ನು ಆರಂಭಿಸಿ, ಅದರಲ್ಲಿ 40ರಿಂದ 150 ಮೆಗಾಹರ್ಟ್ಜ್‌ವರೆಗೆ ಸ್ಪಂದಿಸುವ ಲಾಗ್ ಪೀರಿಯಾಡಿಕ್ ಆಂಟೆನಾಗಳನ್ನು ಬಳಸಿತು. ಉದ್ದದಿಂದ ಗಿಡ್ಡಕ್ಕೆ ಇಳಿಯುವ ಕಡ್ಡಿಗಳ ಸಾಲಿನಂತಿರುವ ಈ ಆಂಟೆನಾದ ಮೇಲಿನ ಮತ್ತು ಕೆಳಗಿನ ಕಂಪನಾಂಕಗಳ ಅನುಪಾತ ಸುಮಾರು ಮೂರೂಮುಕ್ಕಾಲು. ಅಲ್ಟ್ರಾ ವೈಡ್‌ಬ್ಯಾಂಡ್ ಹರವಿನ ಅನುಪಾತವೂ ಮೂರೂವರೆಗೆ ಹತ್ತಿರ.

ಆದರೂ ಆ ಆಂಟೆನಾವನ್ನೇ ಚಿಕ್ಕದಾಗಿಸಿ ಮಿಡಿತದ ರೇಡಿಯೋಗೆ ಜೋಡಿಸಿದರೆ ಸಾಲದು. ಲಾಗ್ ಪೀರಿಯಾಡಿಕ್ ಆಂಟೆನಾದಲ್ಲಿ ಹೆಚ್ಚಿನ ಕಂಪನಾಂಕಗಳು ಗಿಡ್ಡ ಕಡ್ಡಿಗಳಿಂದಲೂ ಕಡಿಮೆಯವು ಉದ್ದ ಕಡ್ಡಿಗಳಿಂದಲೂ ಒಳಬರುವುದರಿಂದ, ಒಟ್ಟಿಗೆ ಬಂದ ಘಟಕಗಳು ಬೇರೆಬೇರೆ ಗಳಿಗೆಯಲ್ಲಿ ಹೊರಬಿದ್ದು ಮಿಡಿತ ಎಳೆದಂತಾಗುತ್ತದೆ. ಸೂರ್ಯನ ಚಿತ್ರ ತೆಗೆಯುವವರು ಒಂದೊಂದು ಕಂಪನಾಂಕವನ್ನೂ ಬೇರ್ಪಡಿಸಿ ನೋಡುವುದರಿಂದ ಅವರಿಗೆ ಇದು ತೊಡಕಲ್ಲ. ಮಿಡಿತದ ಗಳಿಗೆಯನ್ನೇ ನೆಚ್ಚಿದ ಸಂಪರ್ಕಕ್ಕೆ ಇದು ಮಾರಕ. ಆದ್ದರಿಂದಲೇ ಇಲ್ಲಿ 1979ರಲ್ಲಿ ಪೀಟರ್ ಗಿಬ್ಸನ್ ಅವರು ರೂಪಿಸಿದ ವಿವಾಲ್ಡಿ ಆಂಟೆನಾದಂಥವು, ಎಂದರೆ ತಾಮ್ರದ ತಗಡಿನಲ್ಲಿ ಬರಬರುತ್ತ ಅಗಲವಾಗುವ ಸೀಳಿನ ಮೂಲಕ ಅಲೆಯನ್ನು ಸಾಗಿಸಿ ಮಿಡಿತದ ಆಕಾರವನ್ನು ಬಹುಮಟ್ಟಿಗೆ ಕಾಪಾಡುವಂಥವು, ಹೆಚ್ಚು ಬಳಕೆಯಲ್ಲಿವೆ. ಆಂಟೆನಾದ ಆಯ್ಕೆ, ವಿಳಂಬದ ಮಂಡಲ, ಕೂಡಿಸುವ ಗಣಿತ ಈ ಮೂರನ್ನೂ ಒಟ್ಟಿಗೆ ಯೋಚಿಸದೆ ವ್ಯೂಹ ಕಟ್ಟಲಾಗದು.

ಬಯಲು ಮತ್ತು ಬಂಡೆ

ಚಳ್ಳಕೆರೆಯ ಕಾವಲು ಮತ್ತು ಮೊಳಕಾಲ್ಮುರಿನ ಬೆಟ್ಟಗಳು ರೇಡಿಯೋ ಅಲೆಯ ದೃಷ್ಟಿಯಿಂದ ಎರಡು ಬೇರೆ ಲೋಕಗಳು. ಮರಗಳು ವಿರಳವಾದ ಸಮತಟ್ಟು ಕಾವಲಿನಲ್ಲಿ ಪ್ರೇಷಕದಿಂದ ಗ್ರಾಹಕಕ್ಕೆ ಮುಖ್ಯವಾಗಿ ನೇರವಾದ ಒಂದು ಹಾದಿಯೂ ನೆಲಕ್ಕೆ ಬಡಿದು ಬರುವ ಇನ್ನೊಂದು ಹಾದಿಯೂ ಇರುತ್ತವೆ. ಇಲ್ಲಿ ವ್ಯೂಹದಿಂದ ದೊರೆಯುವ ಲಾಭ ಲೆಕ್ಕಕ್ಕೆ ತೀರ ಹತ್ತಿರವಾಗಿರುತ್ತದೆ. ಹೆಬ್ಬಂಡೆಗಳ ಗುಡ್ಡಗಳಿಂದ ಸುತ್ತುವರಿದ ಮೊಳಕಾಲ್ಮುರಿನಲ್ಲಿ, ಕಲ್ಲುಗೋಡೆಯ ಮನೆಗಳ ಒಳಗೆ, ರೇಷ್ಮೆ ಸೀರೆ ನೇಯುವ ಮಗ್ಗಗಳ ನಡುವೆ, ಇಲ್ಲವೇ ಚೀಲಗಳನ್ನು ಪೇರಿಸಿಟ್ಟ ಶೇಂಗಾ ಗೋದಾಮಿನಲ್ಲಿ ಒಂದೇ ಮಿಡಿತ ಹತ್ತಾರು ಕಡೆ ಬಡಿದು ಹತ್ತಾರು ಮಾರ್ದನಿಗಳಾಗಿ ಬಂದು ಸೇರುತ್ತದೆ. ಕಿರುಪಟ್ಟಿಯ ರೇಡಿಯೋದಲ್ಲಿ ಈ ಮಾರ್ದನಿಗಳು ಒಂದನ್ನೊಂದು ಅಳಿಸಿ ಸಂಪರ್ಕ ಕಡಿಯಬಹುದು. ನ್ಯಾನೊಸೆಕೆಂಡಿನ ಮಿಡಿತವಾದರೋ 30 ಸೆಂಟಿಮೀಟರ್ ವ್ಯತ್ಯಾಸವಿರುವ ಹಾದಿಗಳನ್ನೂ ಬೇರೆಬೇರೆಯಾಗಿ ಎಣಿಸಬಲ್ಲದು. ವ್ಯೂಹ ಅದಕ್ಕೆ ದಿಕ್ಕಿನ ಬೇರ್ಪಡಿಕೆಯನ್ನೂ ಸೇರಿಸಿ, ಒಂದೇ ಗಳಿಗೆಯಲ್ಲಿ ಎರಡು ಕಡೆಯಿಂದ ಬಂದ ಮಾರ್ದನಿಗಳನ್ನೂ ಬಿಡಿಸುತ್ತದೆ. ಹೀಗೆ ಬಿಡಿಸಿದ ಮಾರ್ದನಿಗಳ ಶಕ್ತಿಯನ್ನು ವ್ಯರ್ಥವಾಗಲು ಬಿಡದೆ ಒಟ್ಟುಗೂಡಿಸುವ ಗ್ರಾಹಕಗಳೂ ಇವೆ.

ಇಂಥ ವ್ಯೂಹಗಳು ಹೊಂದಿಕೆಯಾಗುವ ಕೆಲಸಗಳು ಈ ಸೀಮೆಯಲ್ಲಿ ಹಲವಿವೆ. ಚಾಲಕರಹಿತ ವಿಮಾನವೊಂದು ನೆಲ ಮುಟ್ಟುವ ಕೊನೆಯ ನೂರಿನ್ನೂರು ಮೀಟರ್‌ಗಳಲ್ಲಿ ಅದರ ಸ್ಥಾನವನ್ನು ಅಂಗೈಯಗಲದ ನಿಖರತೆಯಲ್ಲಿ ತಿಳಿಸುವುದು, ಔಷಧಿ ಸಿಂಪಡಿಸುವ ಡ್ರೋನ್ ಹೊಲದ ಬದುವನ್ನು ದಾಟದಂತೆ ನೋಡಿಕೊಳ್ಳುವುದು, ಉಪಗ್ರಹದ ಸಂಕೇತ ತಲಪದ ಗೋದಾಮಿನೊಳಗೆ ಸರಕಿನ ಜಾಗ ಗುರುತಿಸುವುದು, ಕುಸಿದ ಕಟ್ಟಡದ ಅಡಿಯಲ್ಲಿ ಸಿಲುಕಿದವರ ಉಸಿರಾಟದ ಚಲನೆಯನ್ನು ಹೊರಗಿನಿಂದ ಪತ್ತೆ ಮಾಡುವುದು ಇವೆಲ್ಲ ಇದೇ ತತ್ತ್ವದ ಮೇಲೆ ನಡೆಯಬಲ್ಲವು. ತೊಡಕಿರುವುದು ವೆಚ್ಚದಲ್ಲಿ. 7.5 ಗಿಗಾಹರ್ಟ್ಜ್ ಅಗಲದ ಸಂಕೇತವನ್ನು ಪೂರ್ಣವಾಗಿ ಅಂಕಿಗಳಾಗಿ ಮಾರ್ಪಡಿಸಲು ಪ್ರತಿ ಆಂಟೆನಾದಲ್ಲೂ ಸೆಕೆಂಡಿಗೆ 1,500 ಕೋಟಿ ಬಾರಿ ಅಳತೆ ತೆಗೆಯಬೇಕು; ಹದಿನಾರು ಆಂಟೆನಾಗಳಾದರೆ ಅದರ ಹದಿನಾರು ಪಟ್ಟು. ಬ್ಯಾಟರಿಯ ಮೇಲೆ ನಡೆಯುವ ಉಪಕರಣಕ್ಕೆ ಇದು ಹೊರಲಾರದ ಹೊರೆಯಾದ್ದರಿಂದ, ಅಳತೆಗೆ ಮೊದಲೇ ಸಂಕೇತಗಳನ್ನು ಕೂಡಿಸುವ ಅಗ್ಗದ ವಿಳಂಬ ಮಂಡಲಗಳನ್ನು ರೂಪಿಸುವುದೇ ಈಗ ಎಂಜಿನಿಯರ್‌ಗಳ ಮುಂದಿರುವ ದೊಡ್ಡ ಕೆಲಸ.

ಕಾವಲಿನ ಜನಕ್ಕೆ ಸಲ್ಲಬೇಕಾದದ್ದು

ಆರಂಭದಲ್ಲಿ ಹೇಳಿದ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳು ತಲೆಯೆತ್ತಿದ ನೆಲ ಬರಡು ಭೂಮಿಯಾಗಿರಲಿಲ್ಲ. ಸುತ್ತಲಿನ ಹಳ್ಳಿಗಳ ದನ-ಕುರಿಗಳಿಗೆ ಆಧಾರವಾಗಿದ್ದ ಹುಲ್ಲುಗಾವಲು ಅದು. ಅದನ್ನು ಪರಭಾರೆ ಮಾಡಿದ್ದನ್ನು ಇಲ್ಲಿನ ಪಶುಪಾಲಕರು ವಿರೋಧಿಸಿದ್ದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಆ ನಷ್ಟವನ್ನು ತಂತ್ರಜ್ಞಾನ ತುಂಬಿಕೊಡುವುದೆಂದು ಹೇಳಿದರೆ ಅದು ಸುಲಭದ ಸಮಾಧಾನವಾದೀತು. ಆದರೆ ತಮ್ಮ ಕಾವಲಿನ ಮೇಲೆ ಹಾರುವ ಯಂತ್ರಗಳ ಹಿಂದಿರುವ ವಿದ್ಯೆಯನ್ನು ತಮ್ಮ ಭಾಷೆಯಲ್ಲಿ ಅರಿಯುವ ಹಕ್ಕು ಆ ಊರುಗಳ ಮಕ್ಕಳಿಗಿದೆ. ಆಂಟೆನಾ ವ್ಯೂಹದ ಮೂಲಗಣಿತಕ್ಕೆ ಹತ್ತನೆಯ ತರಗತಿಯ ತ್ರಿಕೋನಮಿತಿಯೂ ಬೆಳಕಿನ ವೇಗದ ಅರಿವೂ ಸಾಕು. ಪ್ರಯೋಗಕ್ಕೆ ಬೇಕಾದ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್‌ಗಳು ಈಗ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕುದಾಪುರದ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಶಾಲಾ-ಕಾಲೇಜು ಅಧ್ಯಾಪಕರಿಗೆ ತರಬೇತಿ ನೀಡುತ್ತ ಬಂದಿದೆ. ಆ ತರಬೇತಿಯಲ್ಲಿ ಅಲೆ, ಆಂಟೆನಾ ಮತ್ತು ದಿಕ್ಕಿನ ಅಳತೆಯ ಪ್ರಯೋಗಗಳಿಗೂ ಜಾಗ ಸಿಗಬೇಕು. ಚಳ್ಳಕೆರೆ ಮತ್ತು ಮೊಳಕಾಲ್ಮುರಿನ ಸರ್ಕಾರಿ ಶಾಲೆ, ಕಾಲೇಜು, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳಿಗೆ ಅವು ಕನ್ನಡದಲ್ಲಿ ತಲಪಬೇಕು. ಕಾವಲನ್ನು ಪಡೆದ ಸಂಸ್ಥೆಗಳು ಅದನ್ನು ಬಿಟ್ಟುಕೊಟ್ಟ ಊರುಗಳಿಗೆ ಸಲ್ಲಿಸಬೇಕಾದ ಋಣದಲ್ಲಿ ಇದು ಮೊದಲ ಕಂತಾಗಲಿ.